ಗ್ರಂಥ ಸುಮ್ಮನಿರುವಲ್ಲಿ ತೀರ್ಪು ಯಾರದು?

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಕ್ರೈಸ್ತಧರ್ಮದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಇವರಿಗೆ ದೇವರು ಒಬ್ಬ, ಪ್ರಭು ಒಬ್ಬ, ಗ್ರಂಥ ಒಂದು. ಹಾಗಿದ್ದೂ ಇಷ್ಟೊಂದು ಪಂಗಡಗಳು ಏಕೆ? ಮಂಗಳೂರಿನಂಥ ಒಂದೇ ಊರಿನಲ್ಲಿ ರೋಮನ್ ಕ್ಯಾಥೊಲಿಕರಿದ್ದಾರೆ, ಬಾಸೆಲ್ ಮಿಶನ್ನಿನ ಬೇರಿನಿಂದ ಬಂದ ಸಿ.ಎಸ್.ಐ. (ದಕ್ಷಿಣ ಭಾರತ) ಸಭೆಯವರಿದ್ದಾರೆ, ಸಿರಿಯನ್ ಪರಂಪರೆಯವರಿದ್ದಾರೆ, ಪೆಂತೆಕೊಸ್ತ್ ಸಭೆಗಳಿವೆ. ಭಾನುವಾರ ಬೆಳಿಗ್ಗೆ ಎಲ್ಲ ಕಡೆಯೂ ಓದುವುದು ಅದೇ ಸುವಾರ್ತೆಗಳನ್ನೇ. ಆದರೂ ಒಂದು ಸಭೆಯ ಪ್ರಭುಭೋಜನಕ್ಕೆ ಇನ್ನೊಂದು ಸಭೆಯವರನ್ನು ಸೇರಿಸದಿರುವ ಪದ್ಧತಿ ಹಲವು ಕಡೆ ಇದೆ. ಒಂದು ಕಡೆ ಆದ ದೀಕ್ಷಾಸ್ನಾನವನ್ನು ಇನ್ನೊಂದು ಕಡೆ ಸ್ನಾನವೆಂದೇ ಒಪ್ಪದಿರುವುದೂ ಉಂಟು.

ಇದಕ್ಕೆ ಹೊರಗಿನವರು ಕೊಡುವ ಉತ್ತರ ಅಧಿಕಾರದ ಆಸೆ. ಒಳಗಿನವರು ಎದುರು ಪಕ್ಷದ ಬಗ್ಗೆ ಕೊಡುವ ಉತ್ತರ, ಅವರು ಗ್ರಂಥವನ್ನು ಸರಿಯಾಗಿ ಓದುವುದಿಲ್ಲ ಎಂಬುದು. ಎರಡರಲ್ಲೂ ಅಷ್ಟಿಷ್ಟು ನಿಜವಿದೆ. ಈ ಎರಡೂ ಉತ್ತರಗಳು ಸಾಲದೆ ಹೋಗುವ ಒಂದು ಪ್ರಕರಣವನ್ನು ಇವತ್ತು ತಮ್ಮ ಮುಂದೆ ಇಡುತ್ತೇನೆ. ಅಲ್ಲಿ ಜಗಳವಾಡಿದವರು ಒಂದೇ ಊರಿನವರು, ಒಂದೇ ಬಳಗದವರು, ಒಂದೇ ಮೂಲಪಾಠವನ್ನು ಜೊತೆಯಲ್ಲಿ ಕೂತು ಓದಿದವರು. ಅವರಲ್ಲಿ ಯಾರಿಗೂ ಓದು ಕಡಿಮೆ ಇರಲಿಲ್ಲ, ಶ್ರದ್ಧೆಯೂ ಕಡಿಮೆ ಇರಲಿಲ್ಲ. ನಾಲ್ಕೇ ವರ್ಷಗಳಲ್ಲಿ ಅವರಲ್ಲಿ ಒಬ್ಬನನ್ನು ಕೈಕಟ್ಟಿ ನದಿಗೆ ತಳ್ಳಿದರು. ಊರು ಸ್ವಿಟ್ಜರ್‌ಲೆಂಡಿನ ಜೂರಿಕ್, ಕಾಲ 1523ರಿಂದ 1527. ಜಗಳ ಎದ್ದದ್ದು ಹಸುಗೂಸುಗಳಿಗೆ ದೀಕ್ಷಾಸ್ನಾನ ಮಾಡಿಸಬಹುದೇ ಎಂಬ ವಿಷಯದಲ್ಲಿ.

ಆಗಿನ ಜೂರಿಕ್ ಹತ್ತು ಸಾವಿರ ಜನವೂ ಇಲ್ಲದ ಊರು. ಲಿಮ್ಮಾತ್ ನದಿ ಊರ ನಡುವೆ ಹರಿಯುತ್ತದೆ. ಅದರ ದಂಡೆಯಲ್ಲಿ ಗ್ರಾಸ್‌ಮ್ಯುನ್‌ಸ್ಟರ್ ಎಂಬ ದೊಡ್ಡ ದೇವಾಲಯ. 1519ರ ಜನವರಿ 1ರಂದು ಅಲ್ಲಿಗೆ ಗುರುವಾಗಿ ಬಂದವನು ಹುಲ್ಡ್ರಿಕ್ ಜ್ವಿಂಗ್ಲಿ. ಮೂರು ವರ್ಷ ಹಿಂದೆ ವಿದ್ವಾಂಸ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಬಾಸೆಲ್‌ನಲ್ಲಿ ಅಚ್ಚು ಹಾಕಿಸಿದ್ದ. ಅದರೊಳಗಿನ ಪೌಲನ ಪತ್ರಗಳನ್ನು ಜ್ವಿಂಗ್ಲಿ ತನ್ನ ಕೈಯಾರೆ ನಕಲು ಮಾಡಿಕೊಂಡಿದ್ದ. ಜೂರಿಕ್‌ಗೆ ಬಂದವನೇ, ಆಯಾ ಭಾನುವಾರಕ್ಕೆ ಗೊತ್ತು ಮಾಡಿದ ಪಾಠಗಳನ್ನು ಬಿಟ್ಟು, ಮತ್ತಾಯನ ಸುವಾರ್ತೆಯನ್ನು ಮೊದಲ ಅಧ್ಯಾಯದಿಂದ ಸಾಲಾಗಿ ಹಿಡಿದು ಬೋಧಿಸತೊಡಗಿದ. ಜನ ಮುಗಿಬಿದ್ದು ಕೇಳಿದರು.

ಅವನ ಸುತ್ತ ಓದುಬಲ್ಲ ತರುಣರ ಬಳಗ ಬೆಳೆಯಿತು. ಕಾನ್ರಾಡ್ ಗ್ರೇಬೆಲ್ ನಗರಸಭೆಯ ಪ್ರಮುಖನೊಬ್ಬನ ಮಗ, ಬಾಸೆಲ್, ವಿಯೆನ್ನಾ, ಪ್ಯಾರಿಸ್‌ಗಳಲ್ಲಿ ಓದಿ ಬಂದವನು. ಫೆಲಿಕ್ಸ್ ಮಾಂಟ್ಸ್ ಹೀಬ್ರೂ ಬಲ್ಲವನು, ದೇವಾಲಯದ ಪಾದ್ರಿಯೊಬ್ಬನಿಗೆ ವಿವಾಹದ ಹೊರಗೆ ಹುಟ್ಟಿದವನು. ಇವರು ಜ್ವಿಂಗ್ಲಿಯ ಜೊತೆ ಕೂತು ಓದಿದರು. ಅವನಿಂದಲೇ ಕಲಿತ ಒಂದು ಸೂತ್ರ ಅವರ ಎದೆಯಲ್ಲಿ ಕೂತಿತ್ತು. ದೇವರ ವಾಕ್ಯದಲ್ಲಿ ಇಲ್ಲದ್ದನ್ನು ಮನುಷ್ಯರು ದೇವರ ಹೆಸರಿನಲ್ಲಿ ಹೇರಬಾರದು.

ಆ ಸೂತ್ರದ ಮೊದಲ ಪರೀಕ್ಷೆ ನಡೆದದ್ದು ಊಟದ ಮೇಜಿನ ಮೇಲೆ. 1522ರ ಮಾರ್ಚ್ 9, ತಪಸ್ಸುಕಾಲದ ಮೊದಲ ಭಾನುವಾರ. ಮಾಂಸ ತಿನ್ನುವುದು ನಿಷಿದ್ಧ. ಮುದ್ರಕ ಕ್ರಿಸ್ಟೋಫ್ ಫ್ರೋಶೌವರ್‌ನ ಮನೆಯಲ್ಲಿ ಕೆಲಸದವರ ಜೊತೆ ಒಂದಷ್ಟು ಜನ ಕೂತು, ಒಣಗಿಸಿದ ಸಾಸೇಜನ್ನು ತುಂಡು ಮಾಡಿ ಹಂಚಿ ತಿಂದರು. ಜ್ವಿಂಗ್ಲಿ ಅಲ್ಲೇ ಇದ್ದ, ತಾನು ತಿನ್ನಲಿಲ್ಲ. ವಿಚಾರಣೆ ಬಂದಾಗ ಫ್ರೋಶೌವರ್, ಫ್ರಾಂಕ್‌ಫರ್ಟ್ ಸಂತೆಯೊಳಗೆ ಪೌಲನ ಪತ್ರಗಳ ಪುಸ್ತಕ ಮುಗಿಸಬೇಕಿತ್ತು, ಹಗಲಿರುಳು ದುಡಿಯುವ ಆಳುಗಳಿಗೆ ಬರೀ ಗಂಜಿ ಸಾಲದು ಎಂದ. ಜ್ವಿಂಗ್ಲಿ ಅವರ ಪರವಾಗಿ ಬೋಧಿಸಿ ಅದನ್ನು ಅಚ್ಚೂ ಹಾಕಿಸಿದ. ಇಂಥ ದಿನ ಇಂಥದ್ದು ತಿನ್ನಬಾರದೆಂದು ಸುವಾರ್ತೆಯಲ್ಲಿ ಎಲ್ಲಿದೆ ಎಂಬುದು ಅವನ ವಾದ.

ಮಾರನೆಯ ವರ್ಷ, 1523ರ ಜನವರಿ 29ರಂದು, ಪುರಭವನದಲ್ಲಿ ಬಹಿರಂಗ ಚರ್ಚೆ ಏರ್ಪಟ್ಟಿತು. ಸುಮಾರು 600 ಜನ ಸೇರಿದ್ದರು. ಜ್ವಿಂಗ್ಲಿಯ ಮುಂದೆ ಮೇಜಿನ ಮೇಲೆ ಹೀಬ್ರೂ, ಗ್ರೀಕ್, ಲ್ಯಾಟಿನ್ ಬೈಬಲ್ಲುಗಳನ್ನು ತೆರೆದಿಟ್ಟಿದ್ದರು. ಕಾನ್‌ಸ್ಟನ್ಸಿನ ಬಿಷಪ್ಪನ ಪ್ರತಿನಿಧಿ ಯೋಹಾನ್ ಫಾಬರ್ ಒಂದು ಮುಖ್ಯ ಪ್ರಶ್ನೆ ಎತ್ತಿದ. ಇಬ್ಬರು ವಾದಿಸಿದಾಗ ತೀರ್ಪು ಹೇಳುವವರು ಒಬ್ಬರು ಬೇಕಲ್ಲ? ಪ್ಯಾರಿಸ್, ಕೊಲೋನ್‌ನಂಥ ವಿಶ್ವವಿದ್ಯಾಲಯಗಳ ವಿದ್ವಾಂಸರ ಮುಂದೆ ಇದನ್ನು ಇಡೋಣ ಎಂದ. ಜ್ವಿಂಗ್ಲಿ ಒಪ್ಪಲಿಲ್ಲ. ತೀರ್ಪುಗಾರ ಇಲ್ಲೇ ಮೇಜಿನ ಮೇಲಿದ್ದಾನೆ, ಮೂರು ಭಾಷೆಯಲ್ಲಿದ್ದಾನೆ, ಓದಬಲ್ಲವರು ಇಲ್ಲಿ ಬೇಕಾದಷ್ಟಿದ್ದಾರೆ ಎಂಬುದು ಅವನ ಉತ್ತರದ ತಾತ್ಪರ್ಯ. ನಗರಸಭೆ ಅವನ ಪರ ನಿಂತಿತು.

ಫಾಬರ್‌ನನ್ನು ಹಳೆಯ ವ್ಯವಸ್ಥೆಯ ವಕೀಲನೆಂದು ತಳ್ಳಿಹಾಕುವ ರೂಢಿ ಪ್ರೊಟೆಸ್ಟೆಂಟ್ ಬರವಣಿಗೆಯಲ್ಲಿದೆ. ಅದು ಅನ್ಯಾಯ. ಮುಂದಿನ ನಾಲ್ಕು ವರ್ಷ ಜೂರಿಕ್‌ನ್ನು ಕಾಡಿದ್ದು ಅವನು ಕೇಳಿದ ಪ್ರಶ್ನೆಯೇ.

ಅದು ಮರಳಿ ಬರಲು ಒಂಬತ್ತು ತಿಂಗಳು ಸಾಕಾಯಿತು. ಈ ಸಲ ಕೇಳಿದವರು ಜ್ವಿಂಗ್ಲಿಯ ಶಿಷ್ಯರು. ಅಕ್ಟೋಬರ್ 26ರಿಂದ 28ರವರೆಗೆ ಎರಡನೆಯ ಚರ್ಚೆ ನಡೆಯಿತು. ವಿಷಯ ದೇವಾಲಯದ ವಿಗ್ರಹಗಳು ಮತ್ತು ಬಲಿಪೂಜೆ. ಎರಡಕ್ಕೂ ಗ್ರಂಥದ ಆಧಾರವಿಲ್ಲವೆಂದು ಬಹುಪಾಲು ಜನ ಒಪ್ಪಿದರು. ಹಾಗಾದರೆ ನಾಳೆಯಿಂದಲೇ ನಿಲ್ಲಿಸೋಣ ಎಂದ ಗ್ರೇಬೆಲ್. ಯಾವಾಗ, ಹೇಗೆ ನಿಲ್ಲಿಸಬೇಕೆಂದು ನಗರಸಭೆಯ ಪ್ರಭುಗಳು ತೀರ್ಮಾನಿಸುತ್ತಾರೆ ಎಂದ ಜ್ವಿಂಗ್ಲಿ. ಸೈಮನ್ ಸ್ಟುಂಫ್ ಎಂಬ ಹಳ್ಳಿಯ ಪಾದ್ರಿ ಎದ್ದು ನಿಂತು, ಪವಿತ್ರಾತ್ಮ ಆಗಲೇ ತೀರ್ಪು ಕೊಟ್ಟಾಗಿದೆ, ಅದನ್ನು ಪ್ರಭುಗಳ ಕೈಗೊಪ್ಪಿಸುವ ಅಧಿಕಾರ ನಿನಗಿಲ್ಲ ಎಂದು ಜ್ವಿಂಗ್ಲಿಯ ಮುಖಕ್ಕೇ ಹೇಳಿದ. ಸತ್ಯ ಯಾವುದೆಂದು ಹೇಳುವುದು ಗ್ರಂಥ, ನಗರಸಭೆ ನೋಡಿಕೊಳ್ಳುವುದು ಜಾರಿಯ ಕ್ರಮವನ್ನಷ್ಟೇ ಎಂದು ಜ್ವಿಂಗ್ಲಿ ಸಮಾಧಾನ ಹೇಳಿದ. ಕೇಳಲು ನ್ಯಾಯವಾದ ಮಾತೇ. ಆದರೆ ಗುರು-ಶಿಷ್ಯರ ನಡುವೆ ಬಿರುಕು ಬಿಟ್ಟದ್ದು ಆ ಗಳಿಗೆಯಲ್ಲಿ.

ಇನ್ನು ದೀಕ್ಷಾಸ್ನಾನಕ್ಕೆ ಬರೋಣ. ಎಳೆಗೂಸುಗಳ ಸ್ನಾನದ ಬಗ್ಗೆ ಹೊಸ ಒಡಂಬಡಿಕೆ ಏನು ಹೇಳುತ್ತದೆ? ಮಕ್ಕಳಿಗೆ ಸ್ನಾನ ಮಾಡಿಸಿರಿ ಎಂಬ ಆಜ್ಞೆ ಅದರಲ್ಲಿ ಎಲ್ಲೂ ಇಲ್ಲ. ಮಾಡಿಸಬೇಡಿರಿ ಎಂಬ ನಿಷೇಧವೂ ಇಲ್ಲ. ಇರುವುದೆಲ್ಲ ಸುಳಿವುಗಳು. ಫಿಲಿಪ್ಪಿ ಪಟ್ಟಣದಲ್ಲಿ ಧೂಮ್ರವರ್ಣದ ಬಟ್ಟೆ ಮಾರುತ್ತಿದ್ದ ಲುದ್ಯ ಎಂಬ ಹೆಂಗಸು ಪೌಲನ ಮಾತಿಗೆ ಮನಸ್ಸು ಕೊಟ್ಟು, ಮನೆಯವರೊಂದಿಗೆ ಸ್ನಾನ ಹೊಂದಿದಳೆಂದು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿದೆ. ಅದೇ ಅಧ್ಯಾಯದಲ್ಲಿ ಸೆರೆಮನೆಯ ಅಧಿಕಾರಿಯೂ ತನ್ನ ಮನೆಯವರ ಸಮೇತ ಸ್ನಾನ ಹೊಂದುತ್ತಾನೆ. ಮನೆಯವರು ಎಂದಮೇಲೆ ತೊಟ್ಟಿಲ ಕೂಸೂ ಸೇರಿತ್ತೇ? ಗ್ರಂಥ ಹೇಳುವುದಿಲ್ಲ. ಸೆರೆಮನೆಯವನ ವಿಷಯದಲ್ಲಿ ಅವನ ಮನೆಯವರೆಲ್ಲ ವಾಕ್ಯ ಕೇಳಿದರು ಎಂಬ ಮಾತೂ ಅಲ್ಲೇ ಇದೆ. ಒಬ್ಬರು ಮನೆಯವರು ಎಂಬ ಕಡೆ ಬೆರಳಿಡುತ್ತಾರೆ, ಇನ್ನೊಬ್ಬರು ಕೇಳಿದರು ಎಂಬ ಕಡೆ.

ಗ್ರೇಬೆಲ್, ಮಾಂಟ್ಸ್ ಹಿಡಿದದ್ದು ಅನುಕ್ರಮವನ್ನು. ಯೇಸು ಶಿಷ್ಯರನ್ನು ಕಳಿಸಿಕೊಡುವಾಗ ಶಿಷ್ಯರನ್ನಾಗಿ ಮಾಡುವ ಮಾತು ಮೊದಲು ಬರುತ್ತದೆ, ಸ್ನಾನ ಆಮೇಲೆ. ಮಾರ್ಕನಲ್ಲಿ ನಂಬಿಕೆ ಮೊದಲು, ಸ್ನಾನ ನಂತರ. ಕೇಳು, ನಂಬು, ಪಶ್ಚಾತ್ತಾಪ ಪಡು, ಆಮೇಲೆ ನೀರಿಗಿಳಿ. ಕೂಸು ಇದರಲ್ಲಿ ಯಾವುದನ್ನು ಮಾಡೀತು? 1524ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಸುಧಾರಕ ಥಾಮಸ್ ಮ್ಯುಂಟ್ಸರ್‌ಗೆ ಬರೆದ ಪತ್ರದಲ್ಲಿ ಗ್ರೇಬೆಲ್ ತನ್ನ ಸೂತ್ರವನ್ನು ಬಿಚ್ಚಿ ಹೇಳಿದ್ದಾನೆ. ಗ್ರಂಥ ಸ್ಪಷ್ಟ ವಾಕ್ಯದಿಂದ ಕಲಿಸದ್ದು ನಮಗೆ ನಿಷಿದ್ಧವೇ ಎಂದು ತಿಳಿಯಬೇಕು ಎಂಬುದು ಅದರ ಸಾರ.

ಜ್ವಿಂಗ್ಲಿಯ ಉತ್ತರ ಹಗುರವಾದುದಲ್ಲ. ಹೆಂಗಸರು ಪ್ರಭುಭೋಜನದಲ್ಲಿ ಪಾಲುಗೊಂಡರೆಂದು ಹೊಸ ಒಡಂಬಡಿಕೆ ಎಲ್ಲೂ ಬಾಯಿಬಿಟ್ಟು ಹೇಳಿಲ್ಲ, ಆದರೂ ಅವರಿಗೆ ಕೊಡುತ್ತೇವಲ್ಲ, ನಿಮ್ಮ ಸೂತ್ರ ಹಿಡಿದರೆ ಅದನ್ನೂ ನಿಲ್ಲಿಸಬೇಕಲ್ಲವೇ ಎಂದು ಕೇಳಿದ. ಇದಕ್ಕಿಂತ ಆಳವಾದದ್ದು ಅವನ ಒಡಂಬಡಿಕೆಯ ವಾದ. ದೇವರು ಅಬ್ರಹಾಮನೊಡನೆ ಮಾಡಿಕೊಂಡ ಒಡಂಬಡಿಕೆಯೂ ಕ್ರಿಸ್ತನಲ್ಲಿ ಬಂದದ್ದೂ ಒಂದೇ. ಅಲ್ಲಿ ಎಂಟು ದಿನದ ಗಂಡುಕೂಸಿಗೆ ಸುನ್ನತಿಯ ಗುರುತು ಹಾಕುತ್ತಿದ್ದರು. ಆ ಕೂಸು ನಂಬಿತ್ತೇ ಎಂದು ಯಾರೂ ಕೇಳಲಿಲ್ಲ. ಪೌಲ ಕೊಲೊಸ್ಸೆಯವರಿಗೆ ಬರೆಯುವಾಗ ಸುನ್ನತಿಯ ಮಾತನ್ನೂ ದೀಕ್ಷಾಸ್ನಾನದ ಮಾತನ್ನೂ ಒಟ್ಟಿಗೆ ತರುತ್ತಾನೆ. ಹಳೆಯ ಜನಾಂಗದ ಕೂಸುಗಳನ್ನು ಸೇರಿಸಿಕೊಂಡ ದೇವರು ಹೊಸ ಜನಾಂಗದ ಕೂಸುಗಳನ್ನು ಹೊರಗಿಟ್ಟನೇ?

ಗಮನಿಸಿ, ಇಬ್ಬರೂ ಗ್ರಂಥವನ್ನೇ ಓದುತ್ತಿದ್ದಾರೆ. ಬೇರೆಯಾಗಿರುವುದು ಓದಿಗೂ ಮುಂಚೆ ಮಾಡಿಕೊಂಡ ಎರಡು ತೀರ್ಮಾನಗಳು. ಹೇಳದಿರುವುದಕ್ಕೆ ಏನರ್ಥ, ಅನುಮತಿಯೋ ನಿಷೇಧವೋ ಎಂಬುದು ಒಂದು. ಹಳೆಯ ಒಡಂಬಡಿಕೆಯ ಬೆಳಕಿನಲ್ಲಿ ಹೊಸದನ್ನು ಓದಬೇಕೋ, ಹೊಸದು ಬಂದಮೇಲೆ ಹಳೆಯದು ಹಿಂದೆ ಸರಿಯಿತೋ ಎಂಬುದು ಇನ್ನೊಂದು. ಈ ಎರಡಕ್ಕೂ ಗ್ರಂಥದೊಳಗೆ ನೇರ ಉತ್ತರವಿಲ್ಲ. ಇವನ್ನು ಓದುಗ ತನ್ನ ಜೊತೆಗೆ ತರುತ್ತಾನೆ. ಎಷ್ಟು ಗ್ರೀಕ್ ಕಲಿತರೂ ಇವು ತೀರುವುದಿಲ್ಲ. ಕ್ರೈಸ್ತರೊಳಗಿನ ಭಿನ್ನಾಭಿಪ್ರಾಯಗಳಲ್ಲಿ ದೊಡ್ಡ ಪಾಲಿನ ಹುಟ್ಟು ಇಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಬ್ಬನೇ ಮನುಷ್ಯ ಒಂದು ಕಡೆ ಒಂದು ತೀರ್ಮಾನವನ್ನು, ಇನ್ನೊಂದು ಕಡೆ ಇನ್ನೊಂದನ್ನು ಹಿಡಿಯುವುದೂ ಉಂಟು. ಜ್ವಿಂಗ್ಲಿ ಹಲವು ವಾದ್ಯಗಳನ್ನು ನುಡಿಸಬಲ್ಲ ಸಂಗೀತಗಾರ. ಆದರೂ ಆರಾಧನೆಯಲ್ಲಿ ಆರ್ಗನ್ ಬಳಸಲು ಗ್ರಂಥದ ಆಜ್ಞೆಯಿಲ್ಲವೆಂದು ಜೂರಿಕ್‌ನ ದೇವಾಲಯಗಳಲ್ಲಿ ಅದು ನಿಂತುಹೋಯಿತು. 1527ರ ಕೊನೆಯಲ್ಲಿ ಗ್ರಾಸ್‌ಮ್ಯುನ್‌ಸ್ಟರಿನ ಆರ್ಗನ್ನನ್ನು ಕಳಚಿಯೇ ಹಾಕಿದರು. ಆರ್ಗನ್ನಿಗೆ ಆಜ್ಞೆ ಬೇಕಾಯಿತು, ಕೂಸಿನ ಸ್ನಾನಕ್ಕೆ ಬೇಕಾಗಲಿಲ್ಲ. ಶಿಷ್ಯರಿಗೆ ಇದು ವಂಚನೆಯಾಗಿ ಕಂಡಿತು. ಜ್ವಿಂಗ್ಲಿಯೇ 1525ರಲ್ಲಿ ದೀಕ್ಷಾಸ್ನಾನದ ಮೇಲೆ ಬರೆದ ಪುಸ್ತಕದಲ್ಲಿ, ಕೆಲವು ವರ್ಷಗಳ ಹಿಂದೆ ತಾನೂ ಮಕ್ಕಳಿಗೆ ತಿಳಿವಳಿಕೆ ಬರುವವರೆಗೆ ಸ್ನಾನ ಕೊಡದಿರುವುದೇ ಲೇಸೆಂದು ನಂಬಿದ್ದೆ, ಅದು ತಪ್ಪಾಗಿತ್ತು ಎಂದು ಒಪ್ಪಿಕೊಂಡಿದ್ದಾನೆ. ಈ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಆದರೆ ಗುರು ಬಿಟ್ಟು ಬಂದ ಜಾಗದಲ್ಲೇ ಶಿಷ್ಯರು ನಿಂತಿದ್ದರೆಂಬುದನ್ನೂ ಅದು ತೋರಿಸುತ್ತದೆ.

ಜ್ವಿಂಗ್ಲಿಯ ಮನಸ್ಸು ಬದಲಾಗಲು ಕಾರಣ ಗ್ರಂಥಾಧ್ಯಯನವೊಂದೇ ಎಂದು ಹೇಳಲಾರೆ. ದೀಕ್ಷಾಸ್ನಾನವೆಂದರೆ ಆಗ ಸಭೆಗೆ ಸೇರುವ ಗುರುತಷ್ಟೇ ಆಗಿರಲಿಲ್ಲ, ಊರಿಗೆ ಸೇರುವ ಗುರುತೂ ಆಗಿತ್ತು. ಜೂರಿಕ್‌ನಲ್ಲಿ ಹುಟ್ಟಿದವರೆಲ್ಲ ಜೂರಿಕ್ ಸಭೆಯವರು. 1526ರಲ್ಲಿ ದೀಕ್ಷಾಸ್ನಾನದ ದಾಖಲೆ ಪುಸ್ತಕ ಇಡಬೇಕೆಂದು ನಗರಸಭೆ ಅಪ್ಪಣೆ ಮಾಡಿತು. ಯಾರ ಮಕ್ಕಳಿಗೆ ಸ್ನಾನವಾಗಿಲ್ಲ ಎಂಬುದು ಪತ್ತೆಯಾಗಬೇಕಿತ್ತು. ನಂಬಿದವರು ಮಾತ್ರ ಸ್ನಾನ ಹೊಂದಿ ಸಭೆಯಾಗುತ್ತಾರೆ ಎಂದರೆ, ಊರು ಬೇರೆ, ಸಭೆ ಬೇರೆ ಎಂದಂತೆ. ಹಾಗಾದರೆ ಪ್ರಮಾಣವಚನ, ತೆರಿಗೆ, ಸೈನ್ಯಕ್ಕೆ ಬರುವ ಕರ್ತವ್ಯ, ಇವಕ್ಕೆಲ್ಲ ಆಧಾರವೇನು? ಪ್ರಭುಗಳಿಗೆ ದಿಗಿಲು ಹುಟ್ಟಿದ್ದು ಸಹಜ. 1525ರಲ್ಲಿ ಜರ್ಮನಿಯ ರೈತರು ದಂಗೆ ಎದ್ದದ್ದು ಆ ದಿಗಿಲನ್ನು ಹೆಚ್ಚಿಸಿತು.

ಇದರ ಅಡಿಯಲ್ಲಿ ಇನ್ನೊಂದು ಪದರ ಇದೆ. ಅದನ್ನು ವಾದಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಸ್ನಾನವಾಗದೆ ಸತ್ತ ಕೂಸಿಗೆ ಸ್ವರ್ಗವಿಲ್ಲ ಎಂಬ ನಂಬಿಕೆ ಆ ನಾಡಿನಲ್ಲಿ ಬೇರೂರಿತ್ತು. ಅಂಥ ಕೂಸನ್ನು ಪವಿತ್ರ ಮಣ್ಣಿನಲ್ಲಿ ಹೂಳುತ್ತಿರಲಿಲ್ಲ. ಬರ್ನ್ ಪ್ರದೇಶದ ಒಬರ್‌ಬ್ಯೂರೆನ್ ಎಂಬಲ್ಲಿ ಮಾತೆ ಮರಿಯಳ ಯಾತ್ರಾಸ್ಥಳವೊಂದಿತ್ತು. ಸತ್ತು ಹುಟ್ಟಿದ ಶಿಶುಗಳನ್ನು ತಂದೆತಾಯಿ ಅಲ್ಲಿಗೆ ಹೊತ್ತು ತರುತ್ತಿದ್ದರು. ಹೆಂಗಸರು ಆ ಪುಟ್ಟ ದೇಹವನ್ನು ಕೆಂಡ, ದೀಪಗಳ ನಡುವೆ ಇಟ್ಟು ಬಿಸಿ ಮಾಡಿ, ತುಟಿಯ ಮೇಲೆ ಒಂದು ಗರಿ ಇಡುತ್ತಿದ್ದರು. ಬಿಸಿಗಾಳಿಗೆ ಗರಿ ಅಲುಗಿದರೆ ಉಸಿರು ಬಂತೆಂದು ತಿಳಿದು, ತಟಕ್ಕನೆ ಸ್ನಾನ ಕೊಟ್ಟು, ಆಮೇಲೆ ಹೂಳುತ್ತಿದ್ದರು. 1528ರಲ್ಲಿ ಬರ್ನಿನ ಸುಧಾರಕರು ಆ ಸ್ಥಳವನ್ನು ಕೆಡವಿಸಿದರು. 1990ರ ದಶಕದ ಉತ್ಖನನದಲ್ಲಿ ಅಲ್ಲಿ ಸುಮಾರು 250 ಶಿಶುಗಳ ಎಲುಬುಗಳು ಸಿಕ್ಕವು.

ಈ ಎಲುಬುಗಳನ್ನು ಮರೆತು ದೀಕ್ಷಾಸ್ನಾನದ ವಾದವನ್ನು ಓದಬಾರದು. ಗ್ರೇಬೆಲ್ ಹೇಳಿದ್ದನ್ನು ಒಪ್ಪುವ ತಾಯಿ ತನ್ನ ಕೂಸನ್ನು ನೀರು ಮುಟ್ಟಿಸದೆ ಇಟ್ಟುಕೊಳ್ಳಬೇಕಿತ್ತು. ಅವಳ ಅಜ್ಜಿ, ನೆರೆಹೊರೆ, ಊರ ಪಾದ್ರಿ ಎಲ್ಲರೂ ಅವಳನ್ನು ಕೊಲೆಗಾರ್ತಿಯಂತೆ ನೋಡುತ್ತಿದ್ದರು. ಜ್ವಿಂಗ್ಲಿ ಈ ಭಯವನ್ನೂ ಕಿತ್ತುಹಾಕಲು ಯತ್ನಿಸಿದ. ಕ್ರೈಸ್ತರ ಕೂಸು ಸ್ನಾನವಾಗದೆ ಸತ್ತರೂ ದೇವರ ಕೈಯಲ್ಲೇ ಇದೆ, ನೀರು ಪಾಪವನ್ನು ತೊಳೆಯುವುದಿಲ್ಲ ಎಂದು ಅವನು ಕಲಿಸಿದ. ಅವನು ಜೂರಿಕ್‌ನ ತಾಯಂದಿರಿಗೆ ಮಾಡಿದ ದೊಡ್ಡ ಉಪಕಾರ ಅದು.

1524ರಲ್ಲಿ ವಿಟಿಕಾನ್ ಹಳ್ಳಿಯ ಕೆಲವು ತಂದೆಗಳು ಮಕ್ಕಳಿಗೆ ಸ್ನಾನ ಮಾಡಿಸಲು ಒಪ್ಪಲಿಲ್ಲ. 1525ರ ಜನವರಿ ಮೊದಲ ವಾರ ಗ್ರೇಬೆಲ್‌ಗೆ ರಾಖೇಲ್ ಎಂಬ ಹೆಣ್ಣುಮಗು ಹುಟ್ಟಿತು. ಇನ್ನೂ ಸ್ನಾನ ಕೊಡಿಸಿಲ್ಲವೆಂದು ಅವನು ತನ್ನ ಭಾವನಿಗೆ ಕಾಗದ ಬರೆದ. ಜನವರಿ 17ರಂದು ನಗರಸಭೆ ಎರಡೂ ಕಡೆಯ ವಾದ ಕೇಳಿ, ಮಾರನೆಯ ದಿನ, ಸ್ನಾನವಾಗದ ಕೂಸುಗಳಿಗೆಲ್ಲ ಎಂಟು ದಿನದೊಳಗೆ ಸ್ನಾನ ಮಾಡಿಸಬೇಕು, ಇಲ್ಲದಿದ್ದರೆ ಮನೆಮಂದಿ ಸಮೇತ ಊರು ಬಿಡಬೇಕೆಂದು ಆಜ್ಞೆ ಹೊರಡಿಸಿತು. ಎರಡು ವಾರದ ಮಗಳನ್ನು ಮನೆಯಲ್ಲಿಟ್ಟುಕೊಂಡ ತಂದೆಗೆ ಆ ಆಜ್ಞೆ ಹೇಗೆ ಕೇಳಿಸಿರಬೇಕು! ಜನವರಿ 21ರಂದು ಗ್ರೇಬೆಲ್, ಮಾಂಟ್ಸ್ ಇನ್ನು ಮೇಲೆ ಕೂಟ ನಡೆಸಬಾರದೆಂದು ಇನ್ನೊಂದು ಆಜ್ಞೆ ಬಂತು.

ಅದೇ ಸಂಜೆ ಮಾಂಟ್ಸ್‌ನ ತಾಯಿಯ ಮನೆಯಲ್ಲಿ ಅವರು ಸೇರಿದರು. ಪ್ರಾರ್ಥನೆ ಮುಗಿದ ಮೇಲೆ ಜಾರ್ಜ್ ಬ್ಲೌರಾಕ್ ಎಂಬ ಮಾಜಿ ಪಾದ್ರಿ ಎದ್ದು, ತನಗೆ ನಿಜವಾದ ದೀಕ್ಷಾಸ್ನಾನ ಕೊಡಬೇಕೆಂದು ಗ್ರೇಬೆಲ್‌ನನ್ನು ಕೇಳಿ ಮಂಡಿಯೂರಿದ. ಗ್ರೇಬೆಲ್ ಗುರುದೀಕ್ಷೆ ಪಡೆದವನಲ್ಲ. ಆದರೂ ಕೊಟ್ಟ. ಬಳಿಕ ಬ್ಲೌರಾಕ್ ಉಳಿದವರಿಗೆ ಕೊಟ್ಟ. ಅವರನ್ನು ಎದುರಾಳಿಗಳು ಅನಾಬ್ಯಾಪ್ಟಿಸ್ಟರು, ಅಂದರೆ ಎರಡನೆಯ ಸಲ ಸ್ನಾನ ಮಾಡಿಸುವವರು ಎಂದು ಕರೆದರು. ಅವರು ಆ ಹೆಸರನ್ನು ಒಪ್ಪಲಿಲ್ಲ. ಕೂಸಾಗಿದ್ದಾಗ ನಡೆದದ್ದು ಸ್ನಾನವೇ ಅಲ್ಲ, ಇದೇ ಮೊದಲನೆಯದು ಎಂದರು.

ಈ ಜಗಳವನ್ನು ರೋಮಿನ ಸಭೆಯವರು ನೋಡುತ್ತಿದ್ದರು. ಇಬ್ಬರಿಗೂ ಅವರು ಹೇಳಿದ್ದು ಒಂದೇ: ಬರೀ ಗ್ರಂಥದಿಂದ ಇದನ್ನು ಸಿದ್ಧ ಮಾಡಲಾರಿರಿ, ಸಭೆ ಆದಿಯಿಂದ ಏನು ಮಾಡುತ್ತ ಬಂದಿದೆಯೆಂದು ನೋಡಿ. ಈ ವಾದಕ್ಕೆ ಬಲವಿದೆ. ಮೂರನೆಯ ಶತಮಾನದಲ್ಲಿ ಓರಿಜೆನ್, ಶಿಶುಸ್ನಾನ ಅಪೊಸ್ತಲರಿಂದ ಬಂದ ವಾಡಿಕೆಯೆಂದು ಬರೆದ. ಸುಮಾರು 253ರಲ್ಲಿ ಕಾರ್ತೇಜಿನಲ್ಲಿ ಬಿಷಪ್ ಸಿಪ್ರಿಯನ್‌ನ ಜೊತೆ ಸೇರಿದ 66 ಬಿಷಪ್ಪರು, ಕೂಸಿಗೆ ಎಂಟನೆಯ ದಿನದವರೆಗೂ ಕಾಯಬೇಕಾಗಿಲ್ಲ ಎಂದು ತೀರ್ಮಾನಿಸಿದರು. ಆದರೆ ಸಭೆಯ ವಾಡಿಕೆಯೂ ಒಂದೇ ಬಾಯಿಯಲ್ಲಿ ಮಾತಾಡುವುದಿಲ್ಲ. ಅದೇ ಕಾರ್ತೇಜಿನ ತೆರ್ತುಲಿಯನ್ ಸುಮಾರು 200ರಲ್ಲಿ, ಪುಟ್ಟ ಮಕ್ಕಳಿಗೆ ಅವಸರ ಬೇಡ, ತಡಮಾಡುವುದೇ ಒಳ್ಳೆಯದು ಎಂದಿದ್ದ. ಶಿಶುಸ್ನಾನಕ್ಕೆ ಅತ್ಯಂತ ಪ್ರಬಲ ಸಮರ್ಥನೆ ಕೊಟ್ಟ ಅಗಸ್ಟೀನ್ ಸ್ವತಃ ಕ್ರೈಸ್ತ ತಾಯಿಯ ಮಗನಾಗಿದ್ದೂ ಸ್ನಾನ ಹೊಂದಿದ್ದು 387ರಲ್ಲಿ, ಮೂವತ್ತು ದಾಟಿದ ಮೇಲೆ. ಪೂರ್ವದ ಆರ್ಥೊಡಾಕ್ಸರು ಕೂಸಿಗೆ ಸ್ನಾನದ ಜೊತೆ ಪ್ರಭುಭೋಜನವನ್ನೂ ಕೊಡುತ್ತಾರೆ. ಪಶ್ಚಿಮದವರು ಅದಕ್ಕೆ ತಿಳಿವಳಿಕೆಯ ವಯಸ್ಸು ಬರಲಿ ಎನ್ನುತ್ತಾರೆ. ಪರಂಪರೆಯನ್ನೂ ಯಾರಾದರೂ ಓದಿ ಅರ್ಥ ಹೇಳಲೇಬೇಕು. ಫಾಬರ್‌ನ ಪ್ರಶ್ನೆ ಅವನ ಪಕ್ಷವನ್ನೂ ಬಿಡಲಿಲ್ಲ.

ಗ್ರಂಥ ಯಾವುದು ಎಂಬಲ್ಲೇ ಭೇದವಿದೆ ಎಂಬುದನ್ನು ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಪ್ರೊಟೆಸ್ಟೆಂಟರ ಬೈಬಲ್ಲಿನಲ್ಲಿ 66 ಪುಸ್ತಕಗಳು. ಕ್ಯಾಥೊಲಿಕರಲ್ಲಿ 73, ಆ ಪಟ್ಟಿಯನ್ನು ಟ್ರೆಂಟ್ ಮಹಾಸಭೆ 1546ರ ಏಪ್ರಿಲ್ 8ರಂದು ಖಚಿತಪಡಿಸಿತು. ಇಥಿಯೋಪಿಯದ ಸಭೆ 81 ಎನ್ನುತ್ತದೆ. ಯಾವ ಪುಸ್ತಕವೂ ತನ್ನೊಳಗೆ ಈ ಪಟ್ಟಿಯನ್ನು ಇಟ್ಟುಕೊಂಡಿಲ್ಲ.

ಮತ್ತೆ ಲಿಮ್ಮಾತ್ ದಂಡೆಗೆ. 1526ರ ಮಾರ್ಚ್ 7ರಂದು, ಮರುಸ್ನಾನ ಮಾಡಿಸುವವರನ್ನು ನೀರಿನಲ್ಲಿ ಮುಳುಗಿಸಿ ಕೊಲ್ಲುವುದಾಗಿ ಜೂರಿಕ್ ನಗರಸಭೆ ಸಾರಿತು. ಗ್ರೇಬೆಲ್ ಆ ವರ್ಷವೇ ಪ್ಲೇಗಿನಲ್ಲಿ ತೀರಿಹೋದ. ಮಾಂಟ್ಸ್ ಸೆರೆ ಸಿಕ್ಕ. 1527ರ ಜನವರಿ 5ರ ಮಧ್ಯಾಹ್ನ ಅವನನ್ನು ವೆಲ್ಲೆನ್‌ಬರ್ಗ್ ಸೆರೆಗೋಪುರದಿಂದ ಹೊರಗೆ ತಂದು ದೋಣಿಗೆ ಹತ್ತಿಸಿದರು. ಅವನ ಎರಡೂ ಕೈ ಕಟ್ಟಿ, ಮಂಡಿಯ ಮೇಲಿಂದ ಇಳಿಸಿ, ತೋಳು-ಮಂಡಿಗಳ ನಡುವೆ ಒಂದು ಕೋಲು ತೂರಿಸಿದರು. ದಂಡೆಯ ಮೇಲೆ ನಿಂತ ತಾಯಿ, ತಮ್ಮ ಅವನನ್ನು ಕೂಗಿ, ನಂಬಿಕೆ ಬಿಡಬೇಡ, ಗಟ್ಟಿಯಾಗಿರು ಎಂದರಂತೆ. ಇದನ್ನು ಬರೆದಿಟ್ಟವನು ಜ್ವಿಂಗ್ಲಿಯ ಉತ್ತರಾಧಿಕಾರಿ ಬುಲ್ಲಿಂಗರ್, ಅನಾಬ್ಯಾಪ್ಟಿಸ್ಟರ ವಿರೋಧಿ. ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಎಂಬರ್ಥದ ಪ್ರಾರ್ಥನೆಯನ್ನು ಮಾಂಟ್ಸ್ ಲ್ಯಾಟಿನ್ನಿನಲ್ಲಿ ಹಾಡುತ್ತಿದ್ದ. ಅವನನ್ನು ನೀರಿಗೆ ತಳ್ಳಿದರು. ಆಸ್ತಿಯನ್ನು ಊರು ವಶಪಡಿಸಿಕೊಂಡಿತು. ಬ್ಲೌರಾಕ್ ಜೂರಿಕ್ ನಾಗರಿಕನಲ್ಲವಾದ್ದರಿಂದ ಅವನನ್ನು ಛಡಿಯಲ್ಲಿ ಹೊಡೆಯುತ್ತ ಊರಾಚೆ ಅಟ್ಟಿದರು. ಎರಡು ವರ್ಷದ ಮೇಲೆ ಟಿರೋಲಿನಲ್ಲಿ ಅವನನ್ನು ಸುಟ್ಟರು.

ಇದನ್ನು ಗ್ರಂಥದ ಮೇಲಿನ ಭಿನ್ನಾಭಿಪ್ರಾಯದ ಫಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಭಿನ್ನಾಭಿಪ್ರಾಯ 1523ರಲ್ಲೂ ಇತ್ತು, ಆಗ ಚರ್ಚೆ ನಡೆಯಿತು, ಪುಸ್ತಕಗಳು ಬಂದವು, ಮನಸ್ಸುಗಳು ಬದಲಾದವು. ಕೊಲೆ ನಡೆದದ್ದು ತೀರ್ಪು ಹೇಳುವ ಕೆಲಸವನ್ನು ಪ್ರಭುತ್ವಕ್ಕೆ ಕೊಟ್ಟಾಗ. ಗ್ರಂಥದಲ್ಲಿ ಖಚಿತವಿಲ್ಲದ ವಿಷಯಕ್ಕೆ ಕಾನೂನಿನ ಖಚಿತತೆ ಕೊಡಲು ಹೊರಟದ್ದೇ ಪಾಪ. ಈ ಪಾಪದಲ್ಲಿ ಯಾರೂ ಹಿಂದೆ ಬೀಳಲಿಲ್ಲ. 1529ರ ಏಪ್ರಿಲಿನಲ್ಲಿ ಸ್ಪೈಯರ್ ನಗರದಲ್ಲಿ ಜರ್ಮನ್ ಸಾಮ್ರಾಜ್ಯದ ಸಭೆ ಸೇರಿತು. ಲೂಥರ್ ಪಕ್ಷದ ರಾಜರು ತಮ್ಮ ಮನಸ್ಸಾಕ್ಷಿಯ ಹೆಸರಿನಲ್ಲಿ ಅಲ್ಲಿ ಪ್ರತಿಭಟನೆ ಸಲ್ಲಿಸಿದರು, ಪ್ರೊಟೆಸ್ಟೆಂಟ್ ಎಂಬ ಹೆಸರು ಬಂದದ್ದು ಅದರಿಂದ. ಆದರೆ ಅದೇ ಸಭೆ, ಅದೇ ತಿಂಗಳು, ಅನಾಬ್ಯಾಪ್ಟಿಸ್ಟರಿಗೆ ಮರಣದಂಡನೆ ವಿಧಿಸುವ ಶಾಸನ ಹೊರಡಿಸಿತು. ಅದಕ್ಕೆ ಕ್ಯಾಥೊಲಿಕರೂ ಲೂಥರ್ ಪಕ್ಷದವರೂ ಕೂಡಿ ಒಪ್ಪಿಗೆ ಕೊಟ್ಟರು. ತಮ್ಮ ಮನಸ್ಸಾಕ್ಷಿಗೆ ಕೇಳಿದ ರಿಯಾಯಿತಿಯನ್ನು ಅವರು ಇನ್ನೊಬ್ಬರಿಗೆ ಕೊಡಲಿಲ್ಲ.

ನಮ್ಮ ನಾಡಿಗೂ ಇದಕ್ಕೂ ಸಂಬಂಧ ಉಂಟು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರಿಗೆ ಜ್ವಿಂಗ್ಲಿಯ ಪರಂಪರೆಯ ಸ್ವಿಸ್ ನಗರವೊಂದು ತಾಯಿಮನೆ. ಅದರ ಸೇವಕರಲ್ಲಿ ಬಹಳ ಮಂದಿ ಮಾತ್ರ ಲೂಥರ್ ಪರಂಪರೆಯ ವ್ಯುರ್ಟೆಂಬರ್ಗಿನವರು. ಮೂರು ಶತಮಾನ ಬೇರೆಯಾಗಿದ್ದ ಎರಡು ಪಕ್ಷಗಳು ಒಂದೇ ಮಿಶನ್ನಿನಲ್ಲಿ ದುಡಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಹ್ಮಾವರದ ಕೊಂಕಣಿ ಕ್ಯಾಥೊಲಿಕರಲ್ಲಿ ಒಂದು ಭಾಗ ಸಿರಿಯನ್ ಆರ್ಥೊಡಾಕ್ಸ್ ಸಭೆಯ ಕಡೆಗೆ ಹೋಯಿತು. ಅಲ್ಲಿಯೂ ಗೋವೆಯ ಪೋರ್ಚುಗೀಸ್ ಅಧಿಕಾರವೋ ರೋಮಿನ ನೇರ ಅಧಿಕಾರವೋ ಎಂಬುದೇ ಜಗಳದ ಮೂಲ. 1970ರ ನವೆಂಬರ್ 29ರಂದು ನಾಗಪುರದಲ್ಲಿ ಉತ್ತರ ಭಾರತ ಸಭೆ ರೂಪುಗೊಂಡಾಗ ಬ್ಯಾಪ್ಟಿಸ್ಟರೂ ಅದರೊಳಗೆ ಬಂದರು. ಶಿಶುಸ್ನಾನ, ವಿಶ್ವಾಸಿಯ ಸ್ನಾನ ಎರಡನ್ನೂ ಆ ಸಭೆ ತನ್ನ ಸಂವಿಧಾನದಲ್ಲೇ ಒಪ್ಪಿಕೊಂಡಿತು. ಜೂರಿಕ್‌ನಲ್ಲಿ ಆಗದ್ದು ಭಾರತದಲ್ಲಿ ಆಯಿತು. ಇದನ್ನು ಹೆಮ್ಮೆಯಿಂದ ಹೇಳಬೇಕು, ನಾವು ಹೇಳುವುದೇ ಇಲ್ಲ. ಅದಾಗಿ ಹನ್ನೆರಡು ವರ್ಷದ ಮೇಲೆ, 1982ರಲ್ಲಿ, ಪೆರು ದೇಶದ ಲಿಮಾದಲ್ಲಿ ಹಲವು ಸಭೆಗಳ ದೈವಶಾಸ್ತ್ರಜ್ಞರು ಕೂಡಿ ಒಪ್ಪಿದ ದಾಖಲೆ, ಮರುಸ್ನಾನವೆಂದು ತೋರುವ ಯಾವ ಪದ್ಧತಿಯೂ ಬೇಡವೆಂದು ಸಭೆಗಳನ್ನು ಕೇಳಿಕೊಂಡಿತು.

ಆದರೂ ನಮ್ಮ ಮನೆಗಳಲ್ಲಿ ಇದು ಇನ್ನೂ ನೋಯುವ ಗಾಯ. ಕೂಸಾಗಿದ್ದಾಗ ಸ್ನಾನವಾಗಿ, ಹದಿಹರೆಯದಲ್ಲಿ ದೃಢೀಕರಣವೂ ಆದ ಮಗ, ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ಬೇರೊಂದು ಸಭೆ ಸೇರಿ, ಮತ್ತೆ ನೀರಿಗಿಳಿಯುತ್ತಾನೆ. ಅವನಿಗೆ ಅದು ಜೀವನದ ಮೊದಲ ನಿಜವಾದ ನಿರ್ಧಾರ. ಊರಲ್ಲಿರುವ ತಾಯಿಗೆ, ತಾನು ಎತ್ತಿಕೊಂಡು ಹೋಗಿ ಮಾಡಿಸಿದ ಸ್ನಾನವನ್ನು, ತನ್ನ ಮಾತನ್ನು, ಮಗ ಅಳಿಸಿಹಾಕಿದಂತೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತಾಯಿ ಅಬ್ರಹಾಮನ ಒಡಂಬಡಿಕೆಯ ಕಡೆ ನಿಂತಿದ್ದಾಳೆ, ಮಗ ಮಾರ್ಕನ ಅನುಕ್ರಮದ ಕಡೆ. ಇದನ್ನು ಅವರಿಗೆ ಬಿಡಿಸಿ ಹೇಳಬಲ್ಲ ಪಾದ್ರಿ ಇದ್ದರೆ ಅರ್ಧ ನೋವು ಕಡಿಮೆಯಾದೀತು. ಸೊಸೆಯಾಗಿ ಬರುವವಳಿಗೆ ಮದುವೆಗೆ ಮುಂಚೆ ಮತ್ತೆ ಸ್ನಾನ ಆಗಲೇಬೇಕೆಂದು ಒತ್ತಾಯಿಸುವ ಸಭೆಗಳಿಗೆ ನಾನು ಹೇಳುವುದಿಷ್ಟು. ನಂಬಿಕೆಯಿಂದ ತಾನಾಗಿ ಬಂದವರಿಗೇ ಸ್ನಾನ ಎಂಬುದು ನಿಮ್ಮ ಬೋಧೆ. ಒತ್ತಾಯದಿಂದ ನೀರಿಗಿಳಿಸಿದರೆ ಆ ಬೋಧೆಯನ್ನು ನೀವೇ ಮುರಿದಂತೆ.

2004ರ ಜೂನಿನಲ್ಲಿ ಜೂರಿಕ್‌ನ ಸುಧಾರಿತ ಸಭೆ ತನ್ನ ಪೂರ್ವಜರು ಮಾಡಿದ್ದು ಸುವಾರ್ತೆಗೆ ದ್ರೋಹವೆಂದು ಒಪ್ಪಿಕೊಂಡು ಅನಾಬ್ಯಾಪ್ಟಿಸ್ಟರ ವಂಶಜರಲ್ಲಿ ಕ್ಷಮೆ ಕೇಳಿತು. ಲಿಮ್ಮಾತ್ ದಂಡೆಯಲ್ಲಿ ಕಲ್ಲೊಂದನ್ನು ನಿಲ್ಲಿಸಿದರು. ಮಾಂಟ್ಸ್ ಮತ್ತು 1532ರವರೆಗೆ ಅಲ್ಲಿ ಮುಳುಗಿಸಿದ ಇನ್ನೂ ಐವರ ನೆನಪು ಅದರಲ್ಲಿದೆ. 2010ರ ಜುಲೈಯಲ್ಲಿ ಸ್ಟುಟ್‌ಗಾರ್ಟಿನಲ್ಲಿ ಲೂಥರನ್ ವಿಶ್ವ ಒಕ್ಕೂಟ ಅನಾಬ್ಯಾಪ್ಟಿಸ್ಟ್ ಪರಂಪರೆಯ ಮೆನೊನೈಟರಲ್ಲಿ ಕ್ಷಮೆ ಯಾಚಿಸಿತು. ಮೆನೊನೈಟರು ಕ್ಷಮಿಸಿದರು. ದೀಕ್ಷಾಸ್ನಾನದ ಬಗ್ಗೆ ಎರಡೂ ಕಡೆಯವರ ಅಭಿಪ್ರಾಯ ಮಾತ್ರ ಬದಲಾಗಲಿಲ್ಲ. ಈ ದಿನಕ್ಕೂ ಒಬ್ಬರು ಕೂಸಿಗೆ ಸ್ನಾನ ಕೊಡುತ್ತಾರೆ, ಇನ್ನೊಬ್ಬರು ಕೊಡುವುದಿಲ್ಲ.

ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ, ಅದರಲ್ಲೂ ಧರ್ಮಶಾಸ್ತ್ರದ ಕಾಲೇಜುಗಳಿಂದ ಬಂದವರಲ್ಲಿ, ನನ್ನದೊಂದು ಕೋರಿಕೆ. ಮಾಂಟ್ಸ್ ನಗರಸಭೆಗೆ ಕೊಟ್ಟ ಮನವಿಯೂ, ಕೆಲವೇ ತಿಂಗಳ ಮೇಲೆ ಜ್ವಿಂಗ್ಲಿ ಬರೆದ ದೀಕ್ಷಾಸ್ನಾನದ ಪುಸ್ತಕವೂ ಉಳಿದುಬಂದಿವೆ. ಎರಡನ್ನೂ ಒಟ್ಟಿಗೆ ಓದಿ. ನಿಮ್ಮ ಸಭೆ ಯಾವ ಕಡೆಗಿದೆಯೋ ಅದರ ಎದುರು ಕಡೆಯದನ್ನು ಮೊದಲು ಓದಿ, ಅದನ್ನೇ ಮೊದಲು ಕನ್ನಡಕ್ಕೆ ತನ್ನಿ.